ತೂಕ ಇಳಿಯಲಿಲ್ಲ ಅಂತ ಓಡುವುದನ್ನು ಬಿಡಬೇಡಿ

"ಮೇಡಂ, ನಾಳೆಯಿಂದ ನಾನು ಬರಲ್ಲ. ಮೂರು ತಿಂಗಳಿಂದ ಓಡ್ತಾ ಇದೀನಿ, ತೂಕ ಒಂದು ಕೆಜಿನೂ ಇಳಿದಿಲ್ಲ."

ಲಾಲ್‌ಬಾಗಿನಲ್ಲಿ ನಮ್ಮ ಜೊತೆ ಓಡುವ ಹುಡುಗನೊಬ್ಬ ಹೋದ ವಾರ ಹೇಳಿದ ಮಾತು ಇದು. ಮನೆ ಬನಶಂಕರಿ, ಕೆಲಸ ಬೆಳ್ಳಂದೂರು. ಆ ಟ್ರಾಫಿಕ್‌ನಲ್ಲಿ ಹೋಗಿ ಬಂದು, ಮತ್ತೆ ಬೆಳಗ್ಗೆ ಐದಕ್ಕೆ ಎದ್ದು ಬರುತ್ತಿದ್ದ. ಅಷ್ಟು ಕಷ್ಟಪಟ್ಟವನು ಕೈಚೆಲ್ಲಿ ಹೋಗುವುದನ್ನು ನೋಡಿ ನನಗೆ ಸಂಕಟ ಆಯಿತು.

ಪ್ರತಿ ವರ್ಷ ಇದನ್ನು ನೋಡುತ್ತೇನೆ. ಜನವರಿಯಲ್ಲಿ ಹೊಸಬರು ಬರುತ್ತಾರೆ. ಬೆಂಗಳೂರಿನ ಹತ್ತು ಕಿ.ಮೀ. ಓಟದ ಸ್ಪರ್ಧೆ ಟಿಸಿಎಸ್ ವರ್ಲ್ಡ್ 10ಕೆ ಹತ್ತಿರ ಬಂದಾಗ ಇನ್ನಷ್ಟು ಜನ ಸೇರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಫೋನ್ ಮಾಡಿ ಕೇಳಿದರೆ ಹೆಚ್ಚಿನವರದ್ದು ಒಂದೇ ಉತ್ತರ, ತೂಕ ಇಳಿಯಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಯುವುದು ಮುಖ್ಯವಾಗಿ ಊಟದಿಂದ. ಓಟದಿಂದ ಇಳಿಯುವುದು ಸ್ವಲ್ಪವೇ. ಆದರೂ ಓಡಬೇಕು, ನಡೆಯಬೇಕು, ಭಾರ ಎತ್ತಬೇಕು. ಓಟಕ್ಕೆ ತೂಕದ ಯಂತ್ರದಲ್ಲಿ ಮಾರ್ಕ್ಸ್ ಹಾಕುವುದೇ ತಪ್ಪು.

ಮೊದಲು ಲೆಕ್ಕ. ಒಂದು ಕಿಲೋಮೀಟರ್ ಓಡಿದರೆ, ನಿಮ್ಮ ಮೈಯ ಪ್ರತಿ ಕೆಜಿಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 70 ಕೆಜಿ ಇರುವವರು 5 ಕಿ.ಮೀ. ಓಡಿದರೆ ಹೆಚ್ಚುಕಡಿಮೆ 350. ನಿಧಾನವಾಗಿ ಓಡಿದರೂ ಜೋರಾಗಿ ಓಡಿದರೂ ಇದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನಡೆದರೆ ಇನ್ನೂ ಕಡಿಮೆ. ಮೈಯಲ್ಲಿರುವ ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ಭಾಗಿಸಿ ನೋಡಿ, 110 ಕಿ.ಮೀ. ಬರುತ್ತದೆ. ಬೆಂಗಳೂರಿನಿಂದ ಹೊರಟು ಮಂಡ್ಯ ದಾಟುವವರೆಗೆ ಓಡಿದರೆ ಒಂದು ಕೆಜಿ. ಅದೂ ದಾರಿಯಲ್ಲಿ ಹೆಚ್ಚಿಗೆ ಏನೂ ತಿನ್ನದೆ ಇದ್ದರೆ.

ತಿನ್ನದೆ ಇರುತ್ತೇವಾ? ಲಾಲ್‌ಬಾಗ್ ಸುತ್ತು ಹಾಕಿದವರು ನೇರ ಮನೆಗೆ ಹೋಗುವುದು ಕಡಿಮೆ. ಗಾಂಧಿ ಬಜಾರ್, ಜಯನಗರ, ಬಸವನಗುಡಿ, ಯಾವ ಕಡೆ ತಿರುಗಿದರೂ ಬಿಸಿ ಬಿಸಿ ದೋಸೆ ಕಾಯುತ್ತಿರುತ್ತದೆ. ಬೆಣ್ಣೆ, ಪಲ್ಯ, ಕಾವಲಿಗೆ ಹಾಕುವ ಎಣ್ಣೆ ಎಲ್ಲಾ ಸೇರಿದರೆ ಒಂದು ಮಸಾಲೆ ದೋಸೆ ಸುಲಭವಾಗಿ 350–400 ಕ್ಯಾಲೊರಿ ಮುಟ್ಟುತ್ತದೆ. ಐದು ಕಿಲೋಮೀಟರ್ ಓಟ ಹತ್ತು ನಿಮಿಷದಲ್ಲಿ ವಾಪಸ್ ಬಂತು. ಅದರ ಹಿಂದೆ ಸಕ್ಕರೆ ಹಾಕಿದ ಕಾಫಿ ಬೇರೆ. ದೋಸೆ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಗೆಳೆಯರ ಜೊತೆ ಕೂತು ತಿನ್ನುವ ಆ ತಿಂಡಿಗಾಗಿಯೇ ಎಷ್ಟೋ ಜನ ಹಾಸಿಗೆ ಬಿಟ್ಟು ಎದ್ದು ಬರುತ್ತಾರೆ, ಅದು ಒಳ್ಳೆಯದೇ. ಓಡಿದ್ದೇನೆ, ಹಾಗಾಗಿ ಇದು ಲೆಕ್ಕಕ್ಕಿಲ್ಲ ಅನ್ನುವ ನಂಬಿಕೆ ಮಾತ್ರ ಬೇಡ.

ಕೈಗೆ ಕಟ್ಟಿಕೊಳ್ಳುವ ವಾಚ್ ಈ ನಂಬಿಕೆಯನ್ನು ಇನ್ನೂ ಬೆಳೆಸುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ 27% ತಪ್ಪು ತೋರಿಸಿತು. ವಾಚ್ ನೋಡಿ ಊಟದ ಲೆಕ್ಕ ಹಾಕಬೇಡಿ.

ಇನ್ನೊಂದು ವಿಷಯ ಇದೆ, ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಆಫ್ರಿಕಾದ ತಾಂಜಾನಿಯಾದಲ್ಲಿ ಹಾಡ್ಜಾ ಎಂಬ ಜನ ಇದ್ದಾರೆ. ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು ಬದುಕುವವರು. ದಿನವಿಡೀ ಓಡಾಟ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಸರ್ ಮತ್ತು ಅವರ ತಂಡ ಈ ಜನ ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಯ ಗಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಕುರ್ಚಿ ಮೇಲೆ ಕೂತು ಕೆಲಸ ಮಾಡುವ ಅಮೆರಿಕ, ಯುರೋಪಿನ ಜನಕ್ಕಿಂತ ಹಾಡ್ಜಾ ಜನ ಹೆಚ್ಚೇನೂ ಖರ್ಚು ಮಾಡುತ್ತಿರಲಿಲ್ಲ. ಮನೆಗೆ ಒಂದು ದೊಡ್ಡ ಖರ್ಚು ಬಂದಾಗ ನಾವು ಉಳಿದ ಕಡೆ ಕೈ ಬಿಗಿ ಹಿಡಿಯುತ್ತೇವಲ್ಲ, ದೇಹವೂ ಹಾಗೇ ಬೇರೆ ಕೆಲಸಗಳಲ್ಲಿ ಉಳಿಸುತ್ತದೆ ಎಂಬುದು ಪಾಂಟ್ಸರ್ ಅವರ ವಾದ. ಎಷ್ಟು ಉಳಿಸುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಆದರೆ ನಮ್ಮಲ್ಲೇ ನೋಡಿ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಉದ್ದ ಓಟ ಮುಗಿಸಿದವರು ಮಧ್ಯಾಹ್ನ ಊಟ ಆದ ಮೇಲೆ ಸೋಫಾ ಬಿಟ್ಟು ಏಳುವುದಿಲ್ಲ. ಅಂಗಡಿಗೆ ನಡೆದು ಹೋಗುವ ಬದಲು ಸ್ಕೂಟರ್ ತೆಗೆಯುತ್ತಾರೆ. ಹಸಿವೂ ಜಾಸ್ತಿ. ಬೆಳಗ್ಗೆ ಖರ್ಚಾದದ್ದು ಹೀಗೆ ಸಂಜೆಯ ಹೊತ್ತಿಗೆ ಸದ್ದಿಲ್ಲದೆ ಕರಗಿಹೋಗುತ್ತದೆ.

ಊಟದ ಕಡೆಗೆ ಬರೋಣ. ಹೊಸದಾಗಿ ಬಂದಿರುವ ತೂಕದ ಇಂಜೆಕ್ಷನ್‌ಗಳನ್ನೇ ನೋಡಿ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ಇವು ಯಾರನ್ನೂ ಓಡಿಸುವುದಿಲ್ಲ. ಮುಖ್ಯವಾಗಿ ಹಸಿವು ಕಡಿಮೆ ಮಾಡುತ್ತವೆ. ವೆಗೋವಿಯ ಔಷಧವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, 68 ವಾರಗಳಲ್ಲಿ ಜನರ ತೂಕ ಸರಾಸರಿ 15% ಹತ್ತಿರ ಇಳಿಯಿತು. ಔಷಧ ಇಲ್ಲದ ಗುಂಪಿಗೂ ಊಟ, ವ್ಯಾಯಾಮದ ಅದೇ ಸಲಹೆ ಕೊಟ್ಟಿದ್ದರು. ಅವರದ್ದು ಇಳಿದದ್ದು 2.4%. ಹಸಿವು ಕಡಿಮೆಯಾದರೆ ತಟ್ಟೆ ಚಿಕ್ಕದಾಗುತ್ತದೆ, ತಟ್ಟೆ ಚಿಕ್ಕದಾದರೆ ತೂಕ ಇಳಿಯುತ್ತದೆ. ಈ ಔಷಧ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ಡಾಕ್ಟರ ವಿಷಯ, ನಾನು ಅದಕ್ಕೆ ಹೋಗುವುದಿಲ್ಲ.

ನಮ್ಮ ತಟ್ಟೆಯ ತೊಂದರೆ ಏನು? ಸಕ್ಕರೆ ಕಾಯಿಲೆ ಬಗ್ಗೆ ದೇಶದಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಆಹಾರದ ವರದಿ 2025ರಲ್ಲಿ ಬಂತು. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು 62% ಬರುವುದು ಕಾರ್ಬೋಹೈಡ್ರೇಟ್‌ನಿಂದ. ಅನ್ನ, ಮೈದಾ, ಸಕ್ಕರೆ. ಬೆಳಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಬೇಕರಿಯ ಪಫ್, ರಾತ್ರಿ ಮತ್ತೆ ಅನ್ನ. ಸಾರಿನಲ್ಲಿ ಬೇಳೆ ಹುಡುಕಬೇಕು. ತರಕಾರಿ ಅಂದರೆ ತಟ್ಟೆಯ ಅಂಚಿನಲ್ಲಿ ಒಂದು ಚಮಚ ಪಲ್ಯ. ಇದನ್ನು ತಿರುಗಿಸಬೇಕು. ಪಲ್ಯ ಜಾಸ್ತಿ, ಕೋಸಂಬರಿ ಜಾಸ್ತಿ, ಬಸ್ಸಾರಿನ ಕಾಳು-ಸೊಪ್ಪು ಜಾಸ್ತಿ, ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ. ಅನ್ನ ಅದರ ಪಕ್ಕದಲ್ಲಿ ಇರಲಿ.

ರಾಗಿ ಬಗ್ಗೆಯೂ ಒಂದು ಮಾತು. ಅನ್ನ ಬಿಟ್ಟು ಮುದ್ದೆ ಶುರು ಮಾಡಿದ್ದೇನೆ, ಇನ್ನು ತೂಕ ತಾನಾಗಿ ಇಳಿಯುತ್ತದೆ ಅನ್ನುವವರು ತುಂಬಾ ಜನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ತೆಗೆದು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಬಿಳಿ ಅಕ್ಕಿಯಲ್ಲಿ 356. ಅಂಥ ದೊಡ್ಡ ಅಂತರ ಏನಲ್ಲ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 11. ಸುಣ್ಣದಂಶವೂ ಎಷ್ಟೋ ಪಟ್ಟು ಹೆಚ್ಚು. ಹೊಟ್ಟೆ ತುಂಬಿದ ಹಾಗೆ ತುಂಬಾ ಹೊತ್ತು ಇರುತ್ತದೆ. ಆದರೆ ಮುದ್ದೆಯ ಗಾತ್ರ ದೊಡ್ಡದಾಗಿ, ಅದರ ಮೇಲೆ ಅನ್ನವೂ ಸೇರಿದರೆ ರಾಗಿ ಏನು ಮಾಡೀತು?

ಎಣ್ಣೆಯನ್ನಂತೂ ಯಾರೂ ಅಳೆಯುವುದೇ ಇಲ್ಲ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಒಗ್ಗರಣೆಗೆ ಸೌಟಿನಲ್ಲಿ ಸುರಿಯುವ ಮನೆಗಳಲ್ಲಿ, ಬರೀ ಅಳತೆ ಚಮಚ ಇಟ್ಟುಕೊಂಡರೆ ದಿನಕ್ಕೆ ತಲೆಗೆ ಎರಡು ಚಮಚ ಸುಲಭವಾಗಿ ಉಳಿಯುತ್ತದೆ. ಅದರ ಜೊತೆ ಸಂಜೆಯ ಬಿಸ್ಕತ್ತು ಬಿಟ್ಟರೆ 5 ಕಿ.ಮೀ. ಓಟಕ್ಕೆ ಸಮ. ಪ್ರತಿದಿನ, ಬೆವರಿಲ್ಲದೆ.

ಪ್ಯಾಕೆಟ್ ತಿಂಡಿ ಬಗ್ಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಮುಖ್ಯ ಅನಿಸಿದೆ. 20 ಜನರನ್ನು ಒಂದೇ ಕಡೆ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಎರಡರಲ್ಲೂ ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು ಹೆಚ್ಚುಕಡಿಮೆ ಒಂದೇ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆಯ ಆಹಾರ ಇದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು. ಮನೆಯ ಮಸೊಪ್ಪು, ಕಾಳು ಹುಳಿ ಎಷ್ಟು ಬೆಲೆಬಾಳುತ್ತದೆ ಅಂತ ಇದನ್ನು ಓದಿದ ಮೇಲೆ ನನಗೆ ಇನ್ನೂ ಗಟ್ಟಿಯಾಯಿತು.

ಆದರೆ ಆ ಮಸೊಪ್ಪು ಮಾಡುವವರು ಯಾರು? ಇದನ್ನು ಹೇಳದೆ ಮುಂದೆ ಹೋಗಲಾರೆ. ಗಂಡ ಡಯಟ್ ಶುರು ಮಾಡುತ್ತಾನೆ, ಹೆಂಡತಿಗೆ ಮೂರು ಅಡುಗೆ. ಮಕ್ಕಳಿಗೆ ಒಂದು, ಅತ್ತೆ ಮಾವನಿಗೆ ಒಂದು, ಇವನಿಗೆ ಇನ್ನೊಂದು. ಸೊಪ್ಪು ಬಿಡಿಸುವುದು, ಕಾಳು ನೆನೆಸುವುದು, ಮೊಳಕೆ ಕಟ್ಟುವುದು ಎಲ್ಲಾ ಅವಳ ತಲೆಗೆ. ಅವಳಿಗೆ ಲಾಲ್‌ಬಾಗಿಗೆ ಬರಲು ಬೆಳಗ್ಗೆ ಅರ್ಧ ಗಂಟೆಯೂ ಸಿಗುವುದಿಲ್ಲ. ಮೈ ಕರಗಿಸಬೇಕು ಅನ್ನುವ ಗಂಡಸರೇ, ರಾತ್ರಿ ಸೊಪ್ಪು ನೀವು ಬಿಡಿಸಿ. ಇಡೀ ಮನೆ ಒಂದೇ ಊಟ ಮಾಡಲಿ. ನಿಮ್ಮೊಬ್ಬರ ಡಯಟ್ ಆರು ವಾರದಲ್ಲಿ ಮುಗಿಯುತ್ತದೆ, ಮನೆಯ ಅಡುಗೆ ಬದಲಾದರೆ ಉಳಿಯುತ್ತದೆ.

ಹಾಗಾದರೆ ಓಡುವುದು ಯಾಕೆ? ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ.

ನಮ್ಮ ಪಕ್ಕದ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದವರು ನಡೆಸಿದ ಅಧ್ಯಯನ 2006ರಲ್ಲಿ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನ. ಒಂದು ಗುಂಪಿಗೆ ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ಸಕ್ಕರೆ, ಪಾಲಿಷ್ ಮಾಡಿದ ಧಾನ್ಯ, ಕೊಬ್ಬು ಕಡಿಮೆ ಮಾಡಿ ಅಂದರು. ಏನೂ ಬದಲಾವಣೆ ಹೇಳದ ಗುಂಪಿನಲ್ಲಿ ಮೂರು ವರ್ಷದಲ್ಲಿ 55% ಜನಕ್ಕೆ ಸಕ್ಕರೆ ಕಾಯಿಲೆ ಬಂತು. ನಡೆದು, ಊಟ ಸರಿಪಡಿಸಿಕೊಂಡ ಗುಂಪಿನಲ್ಲಿ 39.3%. ಈಗ ಇದನ್ನು ಗಮನವಿಟ್ಟು ಓದಿ. ಆ ಗುಂಪಿನವರ ತೂಕ ಇಳಿದಿರಲೇ ಇಲ್ಲ. ಯಂತ್ರದ ಮೇಲೆ ನಿಂತಿದ್ದರೆ ಅವರಿಗೂ ಅದೇ ಹಳೆಯ ಅಂಕಿ ಕಾಣುತ್ತಿತ್ತು. ನಮ್ಮ ಹುಡುಗನ ಹಾಗೆ ಅವರೂ ಬಿಟ್ಟುಬಿಟ್ಟಿದ್ದರೆ?

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಇಂಡಿಯಾಬ್ 2023ರಲ್ಲಿ ಹೇಳಿತು. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಅಂಚಿನಲ್ಲಿದ್ದಾರೆ. ದುಡಿಯುವ ಸ್ನಾಯು, ಇನ್ಸುಲಿನ್ ಇಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಬೀದಿಯಲ್ಲಿ ಅಡ್ಡಾಡಿದರೂ ಸಕ್ಕರೆ ಏರುವುದು ತಗ್ಗುತ್ತದೆ. ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಹೊಟ್ಟೆಯೊಳಗಿನ ಕೊಬ್ಬು ತೂಕ ಬದಲಾಗದಿದ್ದರೂ ಕಡಿಮೆಯಾಗಬಹುದು. ಹಾಗಾಗಿ ಟೇಪ್ ಹಿಡಿದು ಸೊಂಟ ಅಳೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಜನಕ್ಕೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿತು ಅಂದರೆ ಎಚ್ಚರ ಬೇಕು.

ಇನ್ನೂ ಒಂದು ಕಾರಣ ಇದೆ. ಇಳಿಸಿದ ತೂಕವನ್ನು ಹಿಡಿದಿಡುವುದು ಇಳಿಸುವುದಕ್ಕಿಂತ ಕಷ್ಟ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ. 13 ಕೆಜಿಗಿಂತ ಹೆಚ್ಚು ಇಳಿಸಿ, ಕನಿಷ್ಠ ಒಂದು ವರ್ಷ ಹಾಗೇ ಉಳಿಸಿಕೊಂಡವರು ಅದರಲ್ಲಿ ಸೇರಬಹುದು. ಆ ಜನರಲ್ಲಿ ಬಹುಪಾಲು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಂಡಿಸುತ್ತಾರೆ, ಹೆಚ್ಚಾಗಿ ನಡಿಗೆ. ಬರೀ ಉಪವಾಸದಿಂದ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ನಲವತ್ತು ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ, ಇದು ದೊಡ್ಡ ನಷ್ಟ. ವಾರಕ್ಕೆ ಎರಡು ದಿನ ಡಂಬೆಲ್ ಹಿಡಿಯಿರಿ, ಇಲ್ಲವೇ ಬಸ್ಕಿ ಹೊಡೆಯಿರಿ. ಜಿಮ್ ಬೇಕಾಗಿಲ್ಲ.

"ಓಡಿ, ಎರಡು ತಿಂಗಳಲ್ಲಿ ಹತ್ತು ಕೆಜಿ ಇಳಿಸಿ" ಅಂತ ಬೋರ್ಡ್ ಹಾಕುವವರ ಮೇಲೆ ನನಗೆ ಸಿಟ್ಟು ಇರುವುದು ಇದಕ್ಕೇ. ಓಟಕ್ಕೆ ಆಗದ ಕೆಲಸವನ್ನು ಅದರ ಹೆಗಲಿಗೆ ಹಾಕುತ್ತಾರೆ. ಆಗದಿದ್ದಾಗ ಜನ ತಮ್ಮನ್ನೇ ಬೈದುಕೊಂಡು ಮನೆಗೆ ಹೋಗುತ್ತಾರೆ, ಓಟ ಕೊಡುತ್ತಿದ್ದ ಉಳಿದ ಲಾಭವೂ ನಿಂತುಹೋಗುತ್ತದೆ.

ನಮ್ಮ ಗುಂಪಿನ ಫಾರಂನಲ್ಲೂ "ಎಷ್ಟು ಕೆಜಿ ಇಳಿಸಬೇಕು" ಅನ್ನುವ ಕಾಲಂ ಇದೆ. ತೆಗೆಯಿರಿ ಅಂತ ಕೇಳಿದ್ದೇನೆ. ಅದರ ಬದಲು ಸೊಂಟದ ಅಳತೆ, ಬಿಪಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಬರೆಸಿಕೊಳ್ಳೋಣ, ಆರು ತಿಂಗಳಾದ ಮೇಲೆ ಮತ್ತೆ ನೋಡೋಣ. ಬೇರೆ ಗುಂಪು ನಡೆಸುವವರು ಇದನ್ನು ಓದುತ್ತಿದ್ದರೆ ನೀವೂ ಯೋಚಿಸಿ. ಹೊಸದಾಗಿ ಬರುವವರು ಮೊದಲ ವಾರಗಳಲ್ಲಿ ಓಡಲೇಬೇಕಾಗಿಲ್ಲ, ನಡೆಯಿರಿ, ಮಂಡಿಗೆ ಒಗ್ಗಿದ ಮೇಲೆ ಮಧ್ಯೆ ಮಧ್ಯೆ ಸ್ವಲ್ಪ ಓಡಿ. ಎದೆನೋವು, ತಲೆಸುತ್ತು ಇದ್ದವರು ಡಾಕ್ಟರಿಗೆ ತೋರಿಸಿಕೊಂಡೇ ಬನ್ನಿ. ಬನಶಂಕರಿ, ಜಯನಗರದ ಕಡೆಯವರಿಗೆ ಬೆಳಗ್ಗೆ ಜೊತೆ ಬೇಕಿದ್ದರೆ ಇನ್‌ಬಾಕ್ಸ್ ಮಾಡಿ.