ಪ್ರಾರ್ಥನೆಯನ್ನು ಸುಳಿವಿನ ಜಾಗದಲ್ಲಿ ಇಡಬಾರದು

ಎಂಟರಿಂದ ಹನ್ನೆರಡು ವರ್ಷದೊಳಗಿನ ಕ್ರೈಸ್ತ ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಾದಂಬರಿಯೊಂದರ ಹಸ್ತಪ್ರತಿಯನ್ನು ಪರಿಚಿತರೊಬ್ಬರು ಓದಲು ಕೊಟ್ಟಿದ್ದರು. ಕೋಲಾರದ ನಮ್ಮ ಸಭೆಯ ಸಂಡೇ ಸ್ಕೂಲಿಗೆ ಪುಸ್ತಕಗಳನ್ನು ಆರಿಸುವ ಕೆಲಸ ನನ್ನ ಪಾಲಿಗಿರುವುದರಿಂದ, ಇಂಥ ಕೃತಿಯನ್ನು ಯಾವ ಅಳತೆಯಲ್ಲಿ ನೋಡಬೇಕು ಎಂಬುದನ್ನು ಅವರ ಒಪ್ಪಿಗೆ ಪಡೆದು ಇಲ್ಲಿಯೇ ಬರೆಯುತ್ತಿದ್ದೇನೆ.

ಕಥೆ ನಡೆಯುವುದು ಕೆ.ಜಿ.ಎಫ್.ನಲ್ಲಿ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಬೆಳ್ಳಿಯ ಪಾತ್ರೆ ಕಾಣೆಯಾಗುತ್ತದೆ, ಅನುಮಾನ ಚರ್ಚಿನ ಕಾವಲುಗಾರನ ಮೇಲೆ ಬೀಳುತ್ತದೆ, ಮೂವರು ಮಕ್ಕಳು ಹುಡುಕಾಟಕ್ಕೆ ಇಳಿಯುತ್ತಾರೆ. ಮಕ್ಕಳ ಸಾಹಸಕಥೆಯಲ್ಲಿ ದೊಡ್ಡವರನ್ನು ದೂರವಿಡುವುದೇ ಬರೆಯುವವರಿಗೆ ತಲೆನೋವು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಈ ವಾಸ್ತವವನ್ನೇ ಲೇಖಕರು ಬಳಸಿಕೊಂಡು ಮಕ್ಕಳನ್ನು ಅಜ್ಜಿಯ ಕಣ್ಗಾವಲಿನಲ್ಲಿ ಬಿಟ್ಟಿರುವುದು ಬಹಳ ಜಾಣತನದ ಕೆಲಸ. ಚಿನ್ನ ತೆಗೆದ ಮೇಲೆ ಉಳಿದ ಗಣಿಪುಡಿಯ ರಾಶಿಗಳಾದ ಸೈನೈಡ್ ಗುಡ್ಡಗಳ ಮೇಲಿನ ಅಧ್ಯಾಯವಂತೂ ನನಗೆ ತುಂಬ ಹಿಡಿಸಿತು.

ಕಾದಂಬರಿ ಕುಸಿಯುವುದು ಕೊನೆಯ ಭಾಗದಲ್ಲಿ. ಹಿರಿಯ ಹುಡುಗಿ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ, ಆ ರಾತ್ರಿ ಕನಸಿನಲ್ಲಿ ಪಾತ್ರೆ ಬಚ್ಚಿಟ್ಟ ಜಾಗ ಕಾಣುತ್ತದೆ. ಅಲ್ಲಿಯವರೆಗೆ ಲೇಖಕರೇ ಜೋಡಿಸಿಟ್ಟಿದ್ದ ಬೀಗದ ಕೈ, ಮೇಣದ ಕಲೆ, ಅಳಿಸಿ ಬರೆದ ದಾಖಲೆ ಪುಸ್ತಕ ಯಾವುದಕ್ಕೂ ಕೆಲಸವಿಲ್ಲದಂತಾಗುತ್ತದೆ. ಇದು ಭಕ್ತಿಯೆಂದು ಕೆಲವರು ಹೇಳಬಹುದು. ನನ್ನ ಪ್ರಕಾರ ಓದುವ ಮಗುವಿಗೆ ಮಾಡಿದ ಮೋಸ. ಪತ್ತೇದಾರಿ ಕಥೆಗೆ 1929ರಲ್ಲಿ ಹತ್ತು ನಿಯಮಗಳನ್ನು ಬರೆದು, ಅಲೌಕಿಕ ಶಕ್ತಿಗಳಿಗೆ ಅದರಲ್ಲಿ ಪ್ರವೇಶವಿಲ್ಲವೆಂದು ಎರಡನೆಯ ನಿಯಮದಲ್ಲಿಯೇ ಹೇಳಿದ ರೊನಾಲ್ಡ್ ನಾಕ್ಸ್ ನಾಸ್ತಿಕರೇನಲ್ಲ, ಕ್ಯಾಥೋಲಿಕ್ ಪಾದ್ರಿ. ಮುಂದೆ ಬೈಬಲನ್ನು ಇಂಗ್ಲಿಷಿಗೆ ಅನುವಾದಿಸಿದವರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕ್ಯಾಥೋಲಿಕ್ ಬೈಬಲಿನ ದಾನಿಯೇಲನ ಗ್ರಂಥದಲ್ಲಿ, ಅಂದರೆ ನಮ್ಮ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಸೇರದ 13 ಮತ್ತು 14ನೆಯ ಅಧ್ಯಾಯಗಳಲ್ಲಿ, ಅಪ್ಪಟ ಪತ್ತೇದಾರಿ ಕಥೆಗಳೇ ಇವೆ. ಸುಸನ್ನಳೆಂಬ ಗೃಹಿಣಿಯ ಮೇಲೆ ವ್ಯಭಿಚಾರದ ಸುಳ್ಳು ಆರೋಪ ಹೊರಿಸಿದ ಇಬ್ಬರು ಹಿರಿಯರನ್ನು ದಾನಿಯೇಲನು ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರ ಹೇಳಿ ಸಿಕ್ಕಿಬೀಳುತ್ತಾರೆ. ಬೇಲ್ ದೇವತೆ ನೈವೇದ್ಯವನ್ನೆಲ್ಲ ತಿನ್ನುತ್ತದೆಂಬ ಪೂಜಾರಿಗಳ ಮಾತನ್ನು ಪರೀಕ್ಷಿಸಲು ಗುಡಿಯ ನೆಲಕ್ಕೆ ಬೂದಿ ಚೆಲ್ಲಿಸುತ್ತಾನೆ. ಬೆಳಗ್ಗೆ ಅದರ ಮೇಲೆ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆಗುರುತು ಮೂಡಿರುತ್ತದೆ, ಗುಪ್ತ ಬಾಗಿಲು ಬಯಲಾಗುತ್ತದೆ. ಪ್ರವಾದಿಯೇ ಬೂದಿಯನ್ನು ನಂಬಿ ಕೆಲಸ ಮಾಡಿರುವಾಗ ಕೆ.ಜಿ.ಎಫ್.ನ ಹುಡುಗಿ ಏಕೆ ಮಾಡಬಾರದು?

ನಂಬಿಕೆಗೆ ಇಂಥ ಕಥೆಯಲ್ಲಿ ಜಾಗವಿದೆ, ಅದು ಅನುಮಾನದ ಸುತ್ತ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಬಾಯಿಪಾಠ ಮಾಡಿದ ಮಕ್ಕಳು ಬಡವನೆಂಬ ಕಾರಣಕ್ಕೆ ಕಾವಲುಗಾರನನ್ನು ಕಳ್ಳನೆಂದು ಭಾವಿಸಿ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಿಜ ತಿಳಿದ ಮೇಲೆ ಅವರಿಗೆ ಸನ್ಮಾನ ನಡೆಯುತ್ತದೆಯೇ ಹೊರತು ಆ ಮನುಷ್ಯನ ಮನೆಗೆ ಹೋಗಿ ಕ್ಷಮೆ ಕೇಳುವವರು ಒಬ್ಬರೂ ಇಲ್ಲ. ನಿಜವಾದ ಕಳ್ಳನಿಗೂ ಅರ್ಧ ಪುಟದಲ್ಲಿ ಕಣ್ಣೀರು, ಪ್ರಾರ್ಥನೆ, ಕ್ಷಮೆ ಎಲ್ಲವೂ ಮುಗಿದುಹೋಗುತ್ತದೆ. ಲೂಕನ ಸುವಾರ್ತೆಯಲ್ಲಿ ಬರುವ ತೆರಿಗೆ ವಸೂಲಿಗಾರ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಹೇಳಿದ್ದನ್ನು ಲೇಖಕರು ಮರೆತಂತಿದೆ.

ಇನ್ನು ಸಂಭಾಷಣೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡಿಕೊಂಡು ಬೆಳೆಯುವ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಮಕ್ಕಳು ಇಲ್ಲಿ ಸಭಾಪಾಲಕರ ಪ್ರಸಂಗದ ಧಾಟಿಯಲ್ಲಿ ಮಾತನಾಡುತ್ತಾರೆ. (ಪ್ರಸಂಗದ ವೇಳೆ ಇದೇ ಮಕ್ಕಳು ಹಿಂದಿನ ಬೆಂಚಿನಲ್ಲಿ ಏನು ಮಾಡುತ್ತಿರುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು.)

ಕನಸಿನ ಅಧ್ಯಾಯವನ್ನು ತೆಗೆದು, ಅಳಿಸಿ ಬರೆದ ದಾಖಲೆಯಿಂದಲೇ ಕಳ್ಳನನ್ನು ಹಿಡಿಸಿ, ಕಾವಲುಗಾರನ ಮನೆಯ ಬಾಗಿಲಿಗೆ ಮಕ್ಕಳನ್ನು ಕರೆದೊಯ್ಯುವ ಹೊಸ ಅಧ್ಯಾಯವೊಂದನ್ನು ಬರೆಯಿರಿ ಎಂದು ಲೇಖಕರಿಗೆ ತಿಳಿಸಿದ್ದೇನೆ. ಹಾಗೆ ತಿದ್ದಿದರೆ ನಮ್ಮ ಸಂಡೇ ಸ್ಕೂಲಿಗೆ ಧಾರಾಳವಾಗಿ ಪ್ರತಿಗಳನ್ನು ಕೊಳ್ಳಲು ಶಿಫಾರಸು ಮಾಡುತ್ತೇನೆ. ಈಗಿರುವ ರೂಪದಲ್ಲಿ ಮಾಡಲಾರೆ.