ವಿಡಿಯೊ ಕರೆ ಸಾಕೆನ್ನುವ ಮಾತು ಸರಿಯಲ್ಲ

ದೆಹಲಿಯಲ್ಲಿರುವ ಹಳೆಯ ಸ್ಪೋರ್ಟ್ಸ್ ಕಾರನ್ನು ಹುಬ್ಬಳ್ಳಿಯಲ್ಲಿ ಕುಳಿತೇ ಕೊಳ್ಳಬಹುದು, ವಿಡಿಯೊ ಕರೆ ಮತ್ತು ಸರ್ವಿಸ್ ದಾಖಲೆ ನೋಡಿದರೆ ಸಾಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ಖಂಡಿತ ಒಪ್ಪಲಾರೆ. ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಇಂಥ ಗಾಡಿಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಕರೆಗೆ ಮೊದಲೇ ಎಂಜಿನ್ ಬಿಸಿ ಮಾಡಿಟ್ಟರೆ ಎಷ್ಟೋ ದೋಷಗಳು ಮುಚ್ಚಿಹೋಗುತ್ತವೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿಸಿ, ಹಿಂದೆ ನಿಂತು ನೀಲಿ ಹೊಗೆ ಬರುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಎಂಜಿನ್ ಆಯಿಲ್ ಒಳಗೆ ಸೋರಿ ಉರಿಯದಂತೆ ತಡೆಯುವ ವಾಲ್ವ್ ಸೀಲ್ ಸವೆದಿದ್ದರೆ ಆ ಮೊದಲ ಕ್ಷಣದಲ್ಲೇ ಗೊತ್ತಾಗುತ್ತದೆ. ಮೊನ್ನೆ ದೂರದ ಊರಿನಿಂದ ಲಾರಿಯಲ್ಲಿ ಬಂದ ಕಾರಿನ ಟೈರುಗಳ ಗ್ರಿಪ್ ಹೊಸದರಂತಿತ್ತು. ಆದರೆ ಪಕ್ಕದ ಅಂಚಿನಲ್ಲಿ 2215 ಎಂದಿತ್ತು, ಅಂದರೆ 2015ರ 22ನೇ ವಾರದ ತಯಾರಿಕೆ. ರಬ್ಬರು ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿತ್ತು. ಆ ಟೈರಿನಲ್ಲಿ ವೇಗವಾಗಿ ಓಡಿಸುವುದು ಜೀವಕ್ಕೇ ಅಪಾಯ.

ತೆರಿಗೆಯ ವಿಷಯವನ್ನು ಲೇಖನ ಮುಟ್ಟಿಯೇ ಇಲ್ಲ. ಹೊರ ರಾಜ್ಯದ ಕಾರನ್ನು ಇಲ್ಲಿ ಉಳಿಸಿಕೊಳ್ಳಲು ಅಲ್ಲಿನ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕಾರಿನ ಮೇಲೆ ಸಾಲವಿದ್ದರೆ ಅದು ತೀರಿದೆ ಎನ್ನುವ ನಮೂನೆ 35 ಬ್ಯಾಂಕಿನಿಂದ ಬೇಕು. ಮೇಲಾಗಿ ಕರ್ನಾಟಕದ ಜೀವಾವಧಿ ತೆರಿಗೆ. 20 ಲಕ್ಷ ಮೀರಿದ ಕಾರುಗಳಿಗೆ ಅದರ ದರ ಶೇ 18. ಕಾರಿನ ವಯಸ್ಸಿಗೆ ತಕ್ಕ ಕಡಿತ ಸಿಕ್ಕರೂ ಅಗ್ಗಕ್ಕೆ ಸಿಕ್ಕಿತೆಂಬ ಲೆಕ್ಕ ತಲೆಕೆಳಗಾಗುತ್ತದೆ.

ಹುಬ್ಬಳ್ಳಿಯಿಂದ ದೆಹಲಿಗೆ ನೇರ ರೈಲಿದೆ. ಹೋಗಲಾಗದವರು ಅಲ್ಲಿಯ ಬೇರೊಂದು ಗ್ಯಾರೇಜಿಗೆ ಹಣ ಕೊಟ್ಟು, ಕಾರನ್ನು ಲಿಫ್ಟ್ ಮೇಲೇರಿಸಿ ತಳ ನೋಡಿಸಲಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಮುಂಗಡ ಕೊಡಲೇಬೇಡಿ.