ಓಡ್ತಾ ಇದೆಯಲ್ಲ, ಯಾಕೆ ಮುಟ್ತೀರಿ?

ಸಾಫ್ಟ್‌ವೇರ್ ಕಸುಬಿನಲ್ಲಿ ಕೋಡ್ ಬರೆಯುವುದು ಹೇಗೋ ಆಗುತ್ತದೆ. ಗಿರಾಕಿಯಿಂದ ಅವರ ಹಳೇ ಕೋಡ್ ಬಿಡಿಸುವುದಿದೆಯಲ್ಲ, ಅದು ಅಜ್ಜನಿಗೆ ನಶ್ಯ ಬಿಡಿಸಿದ ಹಾಗೆ.

ನಮ್ಮ ಗಿರಾಕಿ ಒಂದು ಪತ್ತಿನ ಸಹಕಾರ ಸಂಘ. ಹೆಸರು ಬೇಡ, ಚುನಾವಣೆ ಹತ್ತಿರದಲ್ಲಿದೆ. ಅವರ ಸಾಲ, ಠೇವಣಿ, ಷೇರು, ಡಿವಿಡೆಂಡ್ ಎಲ್ಲವೂ ವಿಷುಯಲ್ ಬೇಸಿಕ್ 6 (ವಿಬಿ6) ಎಂಬ ಮೈಕ್ರೋಸಾಫ್ಟ್ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಮಿನ ಹೊಟ್ಟೆಯಲ್ಲಿದೆ. ವಿಬಿ6 ಬಂದದ್ದು 1998ರಲ್ಲಿ. ಅದರಲ್ಲಿ ಕೋಡ್ ಬರೆಯುವ ಸಲಕರಣೆಯಿಂದ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲೇ ಕೈತೊಳೆದುಕೊಂಡಿತು. ಸಂಘದ ಪ್ರೋಗ್ರಾಮು ಕೂತಿರುವುದು ವಿಂಡೋಸ್ ಎಕ್ಸ್‌ಪಿ ಮೇಲೆ. ಎಕ್ಸ್‌ಪಿಯ ತಿಥಿ 2014ರಲ್ಲಿ ಆಯಿತು. ಡೇಟಾ ಇರುವುದು ಆಕ್ಸೆಸ್ ಎಂಬ ಹಳೇ ಡೇಟಾಬೇಸಿನ ಫೈಲಿನಲ್ಲಿ. ಆ ಫೈಲು 2 ಜಿಬಿ ದಾಟುವಂತಿಲ್ಲ, ಹಾಗಾಗಿ ಪ್ರತಿ ಮಾರ್ಚಿನಲ್ಲಿ ಹಳೇ ವರ್ಷಗಳನ್ನು ಕತ್ತರಿಸಿ ಅದರ ಹೊಟ್ಟೆ ಕರಗಿಸುತ್ತಾರೆ. ಸದಸ್ಯರ ಹೆಸರುಗಳು ಯೂನಿಕೋಡಿಗೂ ಮುಂಚಿನ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೌಡರು, ಶೆಟ್ಟರು, ಆರಾಧ್ಯರು ಎಲ್ಲರೂ ಇಂಗ್ಲಿಷಿನ ಎ ತಲೆ ಮೇಲೆ ಗೀಟು, ಚುಕ್ಕಿ ಇಟ್ಟುಕೊಂಡು ಏಕಾಏಕಿ ಫ್ರೆಂಚರಾಗಿಬಿಡುತ್ತಾರೆ.

ಆ ಕಂಪ್ಯೂಟರನ್ನು ಒಮ್ಮೆ ನೋಡಬೇಕು ನೀವು. ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ, ಪವರ್ ಬಟನ್ ಮೇಲೆ ಆಯುಧಪೂಜೆಯ ಕುಂಕುಮ, ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ‘ಆಫ್ ಮಾಡಬಾರದು. ಆದೇಶದ ಮೇರೆಗೆ, ಕಾರ್ಯದರ್ಶಿ’. ಆ ಕಾರ್ಯದರ್ಶಿ ನಿವೃತ್ತರಾಗಿ ಮೊಮ್ಮಕ್ಕಳ ಜೊತೆ ಆರಾಮಾಗಿದ್ದಾರೆ. ಆದೇಶ ಮಾತ್ರ ಇನ್ನೂ ಸೇವೆಯಲ್ಲಿದೆ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಎಲ್ಲಿ ಅಂತ ಕೇಳಿದೆವು. ಸಿಡಿಯಲ್ಲಿತ್ತಂತೆ. ಸಿಡಿ ಬೀರುವಿನಲ್ಲಿತ್ತಂತೆ. ಬೀರು ಹೊಸ ಕಟ್ಟಡಕ್ಕೆ ಬಂತು, ಬೀಗದ ಕೈ ಬರಲಿಲ್ಲ.

ಆಡಳಿತ ಮಂಡಳಿಯ ಸಭೆಯಲ್ಲಿ ನಮ್ಮ ಸರದಿ ಬಂದಾಗ ಬೋಂಡಾ ತಟ್ಟೆಗಳು ಖಾಲಿಯಾಗುತ್ತಿದ್ದವು. ಮೈಕ್ರೋಸಾಫ್ಟ್‌ನದೇ ಈಗಿನ ಸಲಕರಣೆ ಡಾಟ್‌ನೆಟ್‌ಗೆ ಹೋಗೋಣ, ಡೇಟಾವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಹಾಕೋಣ, ಇನ್ನು ಮುಂದೆ ಕೋಡು ಬೀರುವಿನಲ್ಲಿ ಬೇಡ, ಪ್ರತಿ ತಿದ್ದುಪಡಿಯ ಲೆಕ್ಕ ಇಡುವ ಗಿಟ್‌ನಲ್ಲಿ ಇಡೋಣ ಅಂದೆವು.

‘ಗಿಟ್ಟು ಎಷ್ಟಾಗುತ್ತೆ?’

‘ಅದು ಪುಕ್ಕಟೆ ಸಾರ್.’

‘ಪುಕ್ಕಟೆ ಆದ್ರೆ ಮೂರು ಕೊಟೇಶನ್ ಎಲ್ಲಿಂದ ತರೋದ್ರೀ? ಆಡಿಟ್‌ನವರು ಸುಮ್ನಿರ್ತಾರಾ?’

ಹೆದರಿಸಿದರೆ ದಾರಿಗೆ ಬಂದಾರು ಅಂತ ಇಂಗ್ಲೆಂಡಿನ ಕತೆ ತೆಗೆದೆ. 2020ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯವರು ಹಳೇ ನಮೂನೆಯ ಎಕ್ಸೆಲ್ ಫೈಲನ್ನೇ ನೆಚ್ಚಿಕೊಂಡಿದ್ದರು. ಅದರಲ್ಲಿ 65,536 ಸಾಲು ಮುಗಿದರೆ ಮುಗಿಯಿತು. ಮಿಕ್ಕದ್ದು ಹಿಡಿಸದೆ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದಲೇ ಬಿಟ್ಟುಹೋದವು. ನಿರ್ದೇಶಕರೊಬ್ಬರು ಕೈ ಒರೆಸಿಕೊಳ್ಳುತ್ತಾ ಅಂದರು, ‘ನಮ್ಮಲ್ಲಿ ಅಷ್ಟು ಸದಸ್ಯರೇ ಇಲ್ವಲ್ಲ ಸ್ವಾಮಿ.’

2017ರಲ್ಲಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದ ವನ್ನಾಕ್ರೈ ವೈರಸ್‌ನ ಕತೆ ತೆಗೆದೆ. ಆಗ ಮೈಕ್ರೋಸಾಫ್ಟ್‌ನವರು ಗಾಬರಿಯಾಗಿ, ಸತ್ತ ಎಕ್ಸ್‌ಪಿಗೂ ಪ್ಯಾಚ್, ಅಂದರೆ ತೂತು ಮುಚ್ಚುವ ತೇಪೆ, ಕೊಟ್ಟರು ಅಂದೆ. ‘ಕೊಟ್ರಲ್ಲ! ಮತ್ತೆ ಸತ್ತಿದೆ ಅಂತೀರಿ?’ ಇದಕ್ಕೆ ಏನು ಹೇಳುತ್ತೀರಿ? ಅಷ್ಟರಲ್ಲಿ ಅಧ್ಯಕ್ಷರ ತಂಗಿಯ ಮಗ, ಎಂಜಿನಿಯರ್ ಹುಡುಗ, ಮೊಬೈಲಿನಲ್ಲಿ ಹುಡುಕಿ, ವಿಬಿ6ರಲ್ಲಿ ಬರೆದದ್ದು ವಿಂಡೋಸ್ 11ರಲ್ಲೂ ಓಡುತ್ತದೆ ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ ಎಂದು ಓದಿಬಿಟ್ಟ. ಸುಳ್ಳಲ್ಲ, ಹೇಳಿದ್ದಾರೆ. ನಮ್ಮ ಹೊಟ್ಟೆ ಮೇಲೆ ಹೊಡೆಯುವವರು ಬೇರೆ ಯಾರೂ ಬೇಕಿಲ್ಲ. ಹುಡುಗ ಅಲ್ಲಿಗೂ ಬಿಡಲಿಲ್ಲ: ‘ನಿಮ್ಮವರೇ ಎಲ್ಲರಿಗೂ ಆಂಗ್ಯುಲರ್‌ಜೆಎಸ್ ಅನ್ನೋ ವೆಬ್ ಸಲಕರಣೆ ಕಟ್ಟಿದ್ರಲ್ಲ ಅಂಕಲ್, 2010ರಲ್ಲಿ ಹುಟ್ಟಿ 2021ರ ಕೊನೆಗೆ ಅದೂ ಹೋಯ್ತಲ್ಲ?’ ಹೋಯಿತು. ನಮ್ಮ ಕಡೆಯ ಹೊಸತಿನ ಚಪಲವೂ ಸಣ್ಣದೇನಲ್ಲ ಬಿಡಿ. ದೀಪಾವಳಿಗೆ ‘ಇದೇ ಭವಿಷ್ಯ’ ಅಂದದ್ದನ್ನು ಯುಗಾದಿಗೆ ಗುಡಿಸಿ ಹಾಕುವವರು ನಾವು.

ಆದರೆ ಮಂಡಳಿಯ ಭಯ ತಂತ್ರಜ್ಞಾನದ್ದಲ್ಲ, ಸಹಿಯದ್ದು. ಹೊಸದು ತರಬೇಕಾದರೆ ಠರಾವು ಬೇಕು, ಸೂಚಕರು, ಅನುಮೋದಕರು ಬೇಕು. ಅವರ ಹೆಸರು ನಡಾವಳಿ ಪುಸ್ತಕ ಸೇರುತ್ತದೆ. ನಾಳೆ ಒಂದು ಪೈಸೆ ಬಡ್ಡಿ ಹೆಚ್ಚುಕಮ್ಮಿಯಾದರೂ ಎಲ್ಲರ ಬೆರಳು ಹೋಗುವುದು ಅಲ್ಲಿಗೇ. ಹಳೆಯದು ತಾನಾಗಿ ಮಕಾಡೆ ಮಲಗಿದರೆ ಯಾರ ಸಹಿಯೂ ಬೇಡ. ‘ತಾಂತ್ರಿಕ ದೋಷದಿಂದಾಗಿ’ ಅಂತ ಒಂದು ಬೋರ್ಡ್ ತೂಗುಹಾಕಿದರೆ ಆಯಿತು. ತಂತ್ರ ಯಾವ ನಿರ್ದೇಶಕನ ಸಂಬಂಧಿಯೂ ಅಲ್ಲವಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಏಳುತ್ತಿದ್ದೆ. ಅಧ್ಯಕ್ಷರು ತಡೆದರು. ‘ಅದೆಲ್ಲ ಇರ್ಲಿ. ಎಐ ಹಾಕ್ಕೊಡ್ತೀರಾ?’

ಸಭೆಗೆ ಜೀವ ಬಂತು. ಪಕ್ಕದ ತಾಲೂಕಿನ ಸಂಘದಲ್ಲಿ ಇನ್ನೂ ಇಲ್ಲವಂತೆ. ಪೇಪರಿನಲ್ಲಿ ಫೋಟೊ ಬರುತ್ತದಂತೆ. ಬೋಂಡಾದ ಎರಡನೇ ಸುತ್ತು ಬರುವಷ್ಟರಲ್ಲಿ ಠರಾವು ಸರ್ವಾನುಮತದಿಂದ ಪಾಸು: ‘ಹಾಲಿ ಸಾಫ್ಟ್‌ವೇರನ್ನು ಯಾವುದೇ ರೀತಿಯಲ್ಲಿ ಬದಲಾಯಿಸದೆ, ಸದರಿ ಸಾಫ್ಟ್‌ವೇರಿಗೆ ಎಐ ಅಳವಡಿಸತಕ್ಕದ್ದು.’ ಈಗಿನ ಎಐ ಸೇವೆಗಳು ಟಿಎಲ್‌ಎಸ್ 1.2 ಎಂಬ ಸುರಕ್ಷಿತ ಸಂಪರ್ಕದ ಪದ್ಧತಿ ಇಲ್ಲದೆ ಬಾಯೇ ಬಿಡುವುದಿಲ್ಲ, ಎಕ್ಸ್‌ಪಿಗೆ ಅದು ಬರುವುದಿಲ್ಲ, ಬಟನ್ ಒಂದನ್ನು ಕೂರಿಸಬೇಕಾದರೂ ಸೋರ್ಸ್ ಕೋಡ್ ಬೇಕು ಎಂದೆ. ‘ಅದು ನಿಮ್ ಟೆಕ್ನಿಕಲ್ ವಿಷ್ಯ, ನೀವು ನೋಡ್ಕೊಳಿ’ ಅಂದರು.

ಮಂತ್ರಿಗಳ ದಿನಾಂಕ ಸಿಕ್ಕಿದೆ. ಆಹ್ವಾನಪತ್ರಿಕೆ ಪ್ರೆಸ್ಸಿಗೆ ಹೋಗಿದೆ. ಬೀರುವಿನ ಬೀಗ ಒಡೆಯುವವನಿಗಾಗಿ ಮೂರು ಕೊಟೇಶನ್ ಕರೆದಿದ್ದಾರೆ.